ಲಾಕರೋ, ಗೂಡೋ, ಗೂಟವೋ? ಕ್ರಿಕೆಟ್ ತಂಡದ ಡ್ರೆಸ್ಸಿಂಗ್ ರೂಮಿಗೆ ಯಾವುದು ಸರಿ

ನಮ್ಮ ಕ್ಲಬ್ಬಿನ ಡ್ರೆಸ್ಸಿಂಗ್ ರೂಮಿಗೆ ಅಂತ ಮೊದಲ ಸಲ ನಾಲ್ಕು ಕಾಸು ಸೇರಿದಾಗ ನಾವು ನೆಟ್ಟಗೆ ಹೋಗಿದ್ದು ಆಫೀಸ್ ಫರ್ನಿಚರ್ ಅಂಗಡಿಗೆ. ಆರು ಬಾಗಿಲಿನ ಸ್ಟೀಲ್ ಲಾಕರ್ ಮೂರು ತಂದೆವು. ಹದಿನೆಂಟು ಖಾನೆ, ಹದಿನೈದು ಆಟಗಾರರು, ಲೆಕ್ಕ ಚೆನ್ನಾಗೇ ಇತ್ತು. ಟೆಂಪೋದಿಂದ ಇಳಿಸಿ, ಗೋಡೆಗೆ ಒರಗಿಸಿ, ಮೊದಲ ಬ್ಯಾಟನ್ನು ಒಳಗಿಡಲು ಹೋದಾಗ ಬಂಡವಾಳ ಗೊತ್ತಾಯಿತು. ಖಾನೆಯ ಎತ್ತರ ಎರಡಡಿ. ಬ್ಯಾಟು ಮೂರಡಿಗೆ ಹತ್ತಿರ. ಓರೆಯಾಗಿ ಇಟ್ಟು ನೋಡಿದೆವು, ಹಿಡಿ ಕೆಳಗೆ ಮಾಡಿ ನೋಡಿದೆವು, ಬಾಗಿಲು ಮುಚ್ಚಲೇ ಇಲ್ಲ. ಆ ಲಾಕರುಗಳು ಈಗ ಮೈದಾನ ನೋಡಿಕೊಳ್ಳುವವರ ಕೋಣೆಯಲ್ಲಿ ಬಣ್ಣದ ಡಬ್ಬ, ಸುಣ್ಣದ ಚೀಲ ಕಾಯುತ್ತಿವೆ.

ತಪ್ಪು ಲಾಕರಿನದ್ದಲ್ಲ. ನಾವು ಮೊದಲು ಕಪಾಟು ಕೊಂಡು, ಆಮೇಲೆ ಅದರೊಳಗೆ ಏನಿಡಬೇಕು ಅಂತ ಯೋಚಿಸಿದೆವು. ಆಮೇಲಿನ ವರ್ಷಗಳಲ್ಲಿ ಬೇರೆ ಬೇರೆ ಮೈದಾನಗಳ ರೂಮುಗಳನ್ನು ಕಣ್ಣಿಟ್ಟು ನೋಡಿ, ಒಂದೆರಡನ್ನು ನಾವೇ ಮಾಡಿಸಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೇಪು, ಆಮೇಲೆ ಅಂಗಡಿ

ಕ್ರಿಕೆಟ್ ನಿಯಮದ ಪ್ರಕಾರ ಬ್ಯಾಟಿನ ಉದ್ದ 38 ಇಂಚು ದಾಟುವಂತಿಲ್ಲ, ಅಗಲ ನಾಲ್ಕೂಕಾಲು ಇಂಚು ದಾಟುವಂತಿಲ್ಲ. ಸಾಮಾನ್ಯವಾಗಿ ಸಿಗುವ ಶಾರ್ಟ್ ಹ್ಯಾಂಡಲ್ ಬ್ಯಾಟು 33-34 ಇಂಚು ಬರುತ್ತದೆ. ಎತ್ತರದ ಹುಡುಗರು ಲಾಂಗ್ ಹ್ಯಾಂಡಲ್ ತರುತ್ತಾರೆ. ಹಾಗಾಗಿ 40 ಇಂಚು ಎತ್ತರದ ಜಾಗ ಬಿಟ್ಟರೆ ಯಾರ ಬ್ಯಾಟೂ ಹೊರಗೆ ಉಳಿಯುವುದಿಲ್ಲ.

ನಿಜವಾದ ತಲೆನೋವು ಬ್ಯಾಟಲ್ಲ, ಬ್ಯಾಗು. ಚಕ್ರ ಇರುವ ದೊಡ್ಡ ಕಿಟ್ ಬ್ಯಾಗು ಮೂರಡಿಗಿಂತ ಉದ್ದ ಇರುತ್ತದೆ, ಅಗಲ ಒಂದಡಿಯ ಮೇಲೆ. ಬೆಂಚಿನ ಕೆಳಗೆ ತಳ್ಳಿದರೆ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉದ್ದಕ್ಕೆ ತಳ್ಳಿದರೆ ಅರ್ಧ ಬ್ಯಾಗು ಹೊರಗೆ ಚಾಚಿ ಎಲ್ಲರ ಕಾಲಿಗೆ ಸಿಗುತ್ತದೆ. ಅಡ್ಡ ಇಟ್ಟರೆ ಪಕ್ಕದವನ ಜಾಗ ತಿನ್ನುತ್ತದೆ. ಬೆನ್ನಿಗೆ ಹಾಕಿಕೊಳ್ಳುವ ಡಫಲ್ ಬ್ಯಾಗು ಹಾಗಲ್ಲ, ಅದು ನಿಲ್ಲುತ್ತದೆ. ಒಂದೂಕಾಲಡಿ ಚೌಕದಲ್ಲಿ ಅದರ ಸಂಸಾರ ಮುಗಿಯುತ್ತದೆ. ನಿಮ್ಮ ತಂಡದಲ್ಲಿ ಮಲಗುವ ಬ್ಯಾಗು ಎಷ್ಟು, ನಿಲ್ಲುವ ಬ್ಯಾಗು ಎಷ್ಟು ಅಂತ ಒಂದು ಭಾನುವಾರ ಎಣಿಸಿ. ಉಳಿದ ತೀರ್ಮಾನಗಳಲ್ಲಿ ಅರ್ಧ ಅಲ್ಲೇ ಆಗಿಬಿಡುತ್ತದೆ.

ಇನ್ನು ಗೋಡೆಯ ಲೆಕ್ಕ. 24 ಅಡಿಗೆ 14 ಅಡಿಯ ರೂಮು ಅಂತಿಟ್ಟುಕೊಳ್ಳಿ. ಸುತ್ತಳತೆ 76 ಅಡಿ. ಎರಡು ಬಾಗಿಲಿಗೆ 6 ಅಡಿ ಹೋಯಿತು. ಮೈದಾನ ಕಾಣುವ ಕಿಟಕಿಗೆ 14 ಅಡಿ. ಆ ಕಿಟಕಿಯ ಜಾಗಕ್ಕೆ ಕಪಾಟು ಇಡುವವರನ್ನೂ ನೋಡಿದ್ದೇನೆ. ಮ್ಯಾಚ್ ಕಾಣದ ಡ್ರೆಸ್ಸಿಂಗ್ ರೂಮು ಯಾಕೆ ಬೇಕು ಹೇಳಿ? ಮೂಲೆಗಳಲ್ಲಿ ಎರಡು ಗೂಡು ಒಂದಕ್ಕೊಂದು ತಾಗುವುದರಿಂದ ನಾಲ್ಕೂ ಮೂಲೆ ಸೇರಿ ಸುಮಾರು 8 ಅಡಿ ಕೈಬಿಡಬೇಕು. ಉಳಿಯುವುದು 48 ಅಡಿ. ತಲೆಗೆ ಮೂರಡಿ ಕೊಟ್ಟರೆ ಹದಿನೈದು ಜನಕ್ಕೆ 45 ಅಡಿ, ಸರಿಹೋಗುತ್ತದೆ. ರೂಮು ಇದಕ್ಕಿಂತ ಚಿಕ್ಕದಾಗಿದ್ದರೆ ಬ್ಯಾಗುಗಳನ್ನು ರೂಮಿನಿಂದ ಹೊರಗೆ, ವರಾಂಡದ ರ್‍ಯಾಕಿಗೆ ಕಳಿಸಿ. ಆಗ ತಲೆಗೆ ಎರಡಡಿ ಸಾಕು.

ಕಿಟ್ಟು ರಾತ್ರಿ ಎಲ್ಲಿ ಮಲಗುತ್ತದೆ?

ಇದೊಂದು ಪ್ರಶ್ನೆಗೆ ಉತ್ತರ ಕೊಡದೆ ಯಾವ ಕಾರ್ಪೆಂಟರನ್ನೂ ಕರೆಯಬೇಡಿ. ಟೆಸ್ಟ್ ಐದು ದಿನ, ರಣಜಿ ಲೀಗ್ ಪಂದ್ಯ ನಾಲ್ಕು ದಿನ. ಅಲ್ಲಿ ಆಟಗಾರರು ಸಂಜೆ ಬ್ಯಾಗು ಬಿಟ್ಟು ಹೋಟೆಲಿಗೆ ಹೋಗುತ್ತಾರೆ. ಬೆಂಗಳೂರಿನ ಹತ್ತಿರದ ಆಲೂರಿನಲ್ಲೋ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲೋ ರಣಜಿ ಪಂದ್ಯ ಇದ್ದಾಗ ರೂಮಿಗೆ ಭದ್ರವಾದ ಬೀಗ, ಕಾವಲು ಎರಡೂ ಇರುತ್ತವೆ. ಹಾಗಾಗಿ ಒಳಗಿನ ಒಂದೊಂದು ಖಾನೆಗೂ ಬೀಗ ಬೇಕಾಗುವುದಿಲ್ಲ.

ನಮ್ಮ ಲೀಗ್ ಕ್ಲಬ್ಬುಗಳ ಕಥೆ ಬೇರೆ. ಬೆಳಿಗ್ಗೆ ಬರುತ್ತೇವೆ, ಐವತ್ತು ಓವರ್ ಆಡುತ್ತೇವೆ, ಸಂಜೆ ಬ್ಯಾಗು ಬೈಕಿನ ಹಿಂದೆ ಕಟ್ಟಿಕೊಂಡು ಮನೆಗೆ. ಮರುದಿನ ಅದೇ ರೂಮಿಗೆ ಬೇರೆ ಎರಡು ತಂಡ. ಸ್ವಂತ ಮೈದಾನ ಇರುವ ಕ್ಲಬ್ಬು ಎಷ್ಟಿವೆ? ಇಂಥ ಕಡೆ ಹೆಸರು ಬರೆದ ಲಾಕರ್ ಸುಮ್ನೆ ದಂಡ. ಕೀ ಒಬ್ಬರ ಜೇಬಿನಲ್ಲಿ ಊರಿಗೆ ಹೋಗಿರುತ್ತದೆ, ಖಾನೆಯೊಳಗೆ ಯಾರದೋ ಒದ್ದೆ ಸಾಕ್ಸು ಕೊಳೆಯುತ್ತಿರುತ್ತದೆ.

ಅಕಾಡೆಮಿಗಳು, ಕಾಲೇಜು ತಂಡಗಳು ಇವೆರಡರ ನಡುವೆ ಬರುತ್ತವೆ. ಹುಡುಗರು ದಿನಾ ಬರುತ್ತಾರೆ, ಬಸ್ಸಿನಲ್ಲಿ ಬರುತ್ತಾರೆ, ದಿನಾ ಬ್ಯಾಗು ಹೊರುವುದು ಕಷ್ಟ. ಅಲ್ಲಿ ಮಾತ್ರ ಬೀಗ ಹಾಕುವ ವ್ಯವಸ್ಥೆಗೆ ನಿಜವಾದ ಬೆಲೆ ಇದೆ.

ಸ್ಟೀಲ್ ಲಾಕರ್

ಬೇಕೇ ಬೇಕು ಅಂದರೆ ಆರು ಅಡಿ ಮೇಲಿನ, ಒಂದೇ ಬಾಗಿಲಿನ, ಉದ್ದನೆಯದು ತಗೊಳ್ಳಿ. ಒಳಗೆ ಮೇಲೊಂದು ಅಟ್ಟ, ಕೆಳಗೆ ಬ್ಯಾಟು ನಿಲ್ಲುವ ಜಾಗ. ಅಗಲ 15 ಇಂಚು ಅಂತ ಬರುವ ಮಾಮೂಲಿ ಲಾಕರಿನಲ್ಲಿ ಡಫಲ್ ಬ್ಯಾಗು ಒತ್ತಿ ತುರುಕಬೇಕಾಗುತ್ತದೆ. 18 ಇಂಚು ಇದ್ದರೆ ಉಸಿರಾಡುತ್ತದೆ. ಚಕ್ರದ ಬ್ಯಾಗನ್ನು ನಿಲ್ಲಿಸಿಯೇ ಇಡಬೇಕು.

ಲಾಕರಿನ ದೊಡ್ಡ ಗುಣ ಬೀಗ. ದೊಡ್ಡ ದೋಷವೂ ಅದೇ ಮುಚ್ಚಿದ ಬಾಗಿಲು. ಬೆವರಿನಲ್ಲಿ ನೆಂದ ಪ್ಯಾಡು, ಗ್ಲೌಸು, ತೊಡೆಯ ಪ್ಯಾಡು ಒಳಗೆ ಸೇರಿ ಬಾಗಿಲು ಬಿದ್ದರೆ ಮರುದಿನದ ಮುಗ್ಗಲು ವಾಸನೆ ನಿಮಗೆ ಗೊತ್ತಿರುವುದೇ. ನಾನು ವಿಕೆಟ್ ಕೀಪರ್ ಆಗಿದ್ದವನು. ಕೀಪಿಂಗ್ ಗ್ಲೌಸಿನ ಒಳಗಿನ ಬಟ್ಟೆಯ ವಾಸನೆಗೆ ನನ್ನ ಪಕ್ಕದ ಜಾಗ ಯಾವತ್ತೂ ಖಾಲಿ ಇರುತ್ತಿತ್ತು. ವಾಸನೆ ಒಂದೇ ಆದರೆ ತಮಾಷೆ ಮಾಡಿ ಬಿಡಬಹುದು. ಒದ್ದೆ ಬಟ್ಟೆ, ಒದ್ದೆ ಶೂ, ಹಂಚಿಕೊಂಡ ಟವೆಲ್ಲು ಇದ್ದಲ್ಲಿ ಗಜಕರ್ಣ, ಕಾಲ್ಬೆರಳ ಸಂದಿಯ ಹುಣ್ಣು ಕೂಡ ಹರಡುತ್ತವೆ. ಲಾಕರ್ ತಗೊಳ್ಳುವುದಾದರೆ ಬಾಗಿಲ ತುಂಬಾ ತೂತು ಇರುವುದನ್ನು ಕೇಳಿ. ಮೇಲೆ ಕೆಳಗೆ ನಾಲ್ಕು ಸೀಳು ಬಿಟ್ಟಿರುವುದು ಆಫೀಸಿನ ಟಿಫಿನ್ ಡಬ್ಬಕ್ಕೆ ಸಾಕು, ನಮಗೆ ಸಾಲದು.

ಲಾಕರಿನ ತಲೆ ಇಳಿಜಾರಾಗಿರಲಿ. ಚಪ್ಪಟೆ ಇದ್ದರೆ ಖಾಲಿ ಬಾಟಲಿ, ಹರಿದ ಪ್ಯಾಡು, ಮೂರು ವರ್ಷದ ಹಳೆಯ ಸ್ಕೋರ್ ಪುಸ್ತಕ ಎಲ್ಲ ಅಲ್ಲೇ ಠಿಕಾಣಿ ಹೂಡುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಾಮೂಲಿ ಸ್ಟೀಲಿನ ಆಸೆ ಬಿಡುವುದು ಒಳ್ಳೆಯದು. ಉಪ್ಪುಗಾಳಿಗೆ ಪೌಡರ್ ಕೋಟಿಂಗ್ ಕೂಡ ಜಾಸ್ತಿ ದಿನ ತಡೆಯುವುದಿಲ್ಲ. ಒಂದು ಗೀರು ಬಿದ್ದರೆ ತುಕ್ಕು ಅಲ್ಲಿಂದಲೇ ಶುರು.

ಸಣ್ಣ ಲಾಕರಿಗೆ ಒಂದು ಒಳ್ಳೆಯ ಉಪಯೋಗ ಇದೆ: ಫೋನು, ಪರ್ಸು, ಗಾಡಿ ಕೀ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಭ್ರಷ್ಟಾಚಾರ ತಡೆಯುವ ನಿಯಮದ ಪ್ರಕಾರ ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ, ಒಳಗೆ ಹೋಗುವ ಮೊದಲೇ ಒಪ್ಪಿಸಬೇಕು. ನಮಗೆ ಆ ನಿಯಮ ಇಲ್ಲ. ಆದರೆ ಹನ್ನೊಂದು ಜನ ಮೈದಾನದಲ್ಲಿರುವಾಗ ಹನ್ನೊಂದು ಫೋನು ಬೆಂಚಿನ ಮೇಲೆ ಬಿದ್ದಿರುತ್ತವಲ್ಲ, ಅದಕ್ಕೆ ಒಂದು ಹದಿನಾರು ಖಾನೆಯ ಪುಟ್ಟ ಪೆಟ್ಟಿಗೆ ಗೋಡೆಗೆ ಹೊಡೆಸಿ. ಕೀ ಸ್ಕೋರರ್ ಹತ್ತಿರ ಇರಲಿ. ಇಡೀ ದಿನ ಜಾಗ ಬಿಟ್ಟು ಏಳದ ಮನುಷ್ಯ ಅವರೊಬ್ಬರೇ.

ತೆರೆದ ಗೂಡು

ನನ್ನ ಓಟು ಇದಕ್ಕೆ. ಬಾಗಿಲಿಲ್ಲದ, ಕೂರುವ ಜಾಗವೂ ಸೇರಿದ ಗೂಡು. ಟೀವಿಯಲ್ಲಿ ದೊಡ್ಡ ತಂಡಗಳ ಡ್ರೆಸ್ಸಿಂಗ್ ರೂಮು ತೋರಿಸುವಾಗ ಆಟಗಾರನ ಹಿಂದೆ ಶರ್ಟು ನೇತಾಡುತ್ತಿರುವುದು ಕಾಣುತ್ತದಲ್ಲ, ಅಂಥದ್ದೇ. ನಮಗೆ ಅಷ್ಟು ಲೈಟು, ಹೊಳಪು ಬೇಡ. ಅಳತೆ ಮಾತ್ರ ಸರಿ ಇರಬೇಕು.

ಮೂರಡಿ ಅಗಲದಲ್ಲಿ 20 ಇಂಚು ಕೂರಲು, 16 ಇಂಚು ಬ್ಯಾಗು ನಿಲ್ಲಲು ಭಾಗ ಮಾಡಿಸಿ. ಮಲಗುವ ಬ್ಯಾಗಿನ ಜಗಳಕ್ಕೆ ಇದೇ ಪರಿಹಾರ: ಬೆಂಚಿನ ಕೆಳಗೆ ತಳ್ಳಬೇಡಿ, ಪಕ್ಕದಲ್ಲಿ ನಿಲ್ಲಿಸಿ. ಬೆಂಚಿನ ಎತ್ತರ 17-18 ಇಂಚು. ಪ್ಯಾಡು ಕಟ್ಟುವಾಗ ಮೊಣಕಾಲು ನೆಟ್ಟಗೆ ಚಾಚಬೇಕಾಗುತ್ತದೆ, ತೀರಾ ತಗ್ಗಾದರೆ ಬೆನ್ನು ಬೈಯುತ್ತದೆ. ಬೆಂಚಿನ ಕೆಳಗಿನ ಜಾಗ ಶೂಗಳಿಗೆ. ಅಲ್ಲಿ ಹಲಗೆ ಹಾಕಿಸಬೇಡಿ, ಪಟ್ಟಿ ಪಟ್ಟಿಯಾಗಿ ಸಂದು ಬಿಟ್ಟು ಜೋಡಿಸಿ. ಸ್ಪೈಕಿನ ಮಣ್ಣು ಕೆಳಗೆ ಉದುರುತ್ತದೆ, ಗುಡಿಸಿದರೆ ಆಯಿತು.

ಮೇಲಿನ ಅಟ್ಟ ಹೆಲ್ಮೆಟ್ಟಿಗೆ. ಗ್ರಿಲ್ ಸೇರಿ ಹೆಲ್ಮೆಟ್ಟು ಒಂದಡಿ ಆಳ ಕೇಳುತ್ತದೆ, ಆದ್ದರಿಂದ ಅಟ್ಟ 14 ಇಂಚು ಇರಲಿ, ಬೆಂಚಿನಷ್ಟು ಹೊರಗೆ ಬರುವುದು ಬೇಡ. ಬಂದರೆ ಎದ್ದವರ ತಲೆಗೆ ಬಡಿಯುತ್ತದೆ. ಔಟಾಗಿ ಬಂದವನಿಗೆ ಮೊದಲೇ ಕೋಪ, ಅದರ ಮೇಲೆ ಹಲಗೆಯ ಏಟು ಬೇರೆ!

ಗೂಡಿಗೆ ನಾಲ್ಕು ಕೊಕ್ಕೆ ಕೊಡಿ. ಗ್ಲೌಸಿಗೆ ಒಂದು, ಪ್ಯಾಡಿಗೆ ಒಂದು, ಬಟ್ಟೆಗೆ ಎರಡು. ಒಂದೇ ಕೊಕ್ಕೆಗೆ ಎಲ್ಲ ನೇತುಹಾಕಿದರೆ ಒಂದೂ ಒಣಗುವುದಿಲ್ಲ. ಬ್ಯಾಟು ನಿಲ್ಲುವ ಕಡೆ ಒಂದು ಪುಟ್ಟ ರಬ್ಬರ್ ತುಂಡು ಹಾಕಿಸಿ. ಬ್ಯಾಟಿನ ತುದಿ ಮರದ ಅಡ್ಡಕೊಯ್ತ. ಹುಲ್ಲಿನ ತೇವ, ಒರೆಸಿದ ನೆಲದ ನೀರು ಎಲ್ಲವನ್ನೂ ಅದು ಹೀರುತ್ತದೆ, ಊದಿಕೊಂಡು ಸೀಳುತ್ತದೆ. ಹಾಗೆಯೇ ಪಡುವಣ ಬಿಸಿಲು ಬೀಳುವ ಗೋಡೆಗೆ ಬ್ಯಾಟಿನ ಜಾಗ ಮಾಡಬೇಡಿ. ತೇವ ಹೇಗೋ ಹಾಗೆ ಅತಿಯಾಗಿ ಒಣಗುವುದೂ ವಿಲೋ ಮರಕ್ಕೆ ಕೆಡುಕು.

ಪ್ಲೈವುಡ್ ವಿಷಯದಲ್ಲಿ ಒಂದು ಮಾತು. ಮಾಮೂಲಿ ಎಂಆರ್ ದರ್ಜೆಯದ್ದು, ಅಂದರೆ ಸ್ವಲ್ಪ ತೇವ ಮಾತ್ರ ತಡೆಯುವಂಥದ್ದು, ಮನೆಯ ವಾರ್ಡ್‌ರೋಬಿಗೆ ಸರಿ, ಒದ್ದೆ ಬಟ್ಟೆಯ ರೂಮಿಗೆ ಅಲ್ಲ. ಐಎಸ್ 710 ಅಂತ ಮುದ್ರೆ ಇರುವ, ನೀರಿಗೆ ಜಗ್ಗದ ಬಿಡಬ್ಲ್ಯೂಪಿ ಪ್ಲೈ ಕೇಳಿ. ಕನಿಷ್ಠ ಕೆಳಗಿನ ಎರಡಡಿಗಾದರೂ ಅದೇ ಇರಲಿ. ಪಾರ್ಟಿಕಲ್ ಬೋರ್ಡಿನ ಹತ್ತಿರವೂ ಹೋಗಬೇಡಿ, ಒಂದೇ ಮಳೆಗಾಲಕ್ಕೆ ಬ್ರೆಡ್ಡಿನಂತೆ ಉಬ್ಬುತ್ತದೆ. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡುವ ಡಬ್ಲ್ಯೂಪಿಸಿ ಹಲಗೆ ಈಗ ಎಲ್ಲ ಕಡೆ ಸಿಗುತ್ತದೆ. ನೀರಿಗೂ ಗೆದ್ದಲಿಗೂ ಹೆದರುವುದಿಲ್ಲ. ಆದರೆ ಸ್ಕ್ರೂ ಹಿಡಿತ ಪ್ಲೈನಷ್ಟು ಗಟ್ಟಿಯಲ್ಲ. ಕೊಕ್ಕೆಗಳನ್ನು ಅದಕ್ಕೆ ಹೊಡೆಸದೆ ಹಿಂದಿನ ಗೋಡೆಗೇ ಹೊಡೆಸಿ. ಗೆದ್ದಲು ಇರುವ ಊರಾದರೆ ಗೂಡಿನ ಬುಡ ನೆಲಕ್ಕೆ ತಾಗದಂತೆ ನಾಲ್ಕಿಂಚು ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿ. ಗುಡಿಸುವುದಕ್ಕೂ ಸುಲಭ.

ಇದರ ಕೊರತೆ ಸ್ಪಷ್ಟ: ಬೀಗ ಇಲ್ಲ. ರೂಮಿನ ಬಾಗಿಲು ನೋಡಿಕೊಳ್ಳುವವರು ಇಲ್ಲದಿದ್ದರೆ ತೆರೆದ ಗೂಡು ಕಳ್ಳರಿಗೆ ಅಂಗಡಿ ಇಟ್ಟಂತೆ.

ಕಟ್ಟೆ, ಗೂಟ, ಕಡಪ ಕಲ್ಲು

ದುಡ್ಡು ಕಡಿಮೆ ಇದ್ದರೆ ಬೇಜಾರು ಬೇಡ. ನಮ್ಮ ಕಡೆ ಅಡುಗೆಮನೆ, ಹಾಸ್ಟೆಲ್ಲುಗಳಲ್ಲಿ ಕಡಪ ಕಲ್ಲಿನ ಶೆಲ್ಫು ತಲೆಮಾರಿನಿಂದ ನಿಂತಿದೆ. ಅದನ್ನೇ ಇಲ್ಲಿಗೆ ತನ್ನಿ. ಮೂರಡಿಗೊಂದು ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಚಪ್ಪಡಿ ಹಾಸಿದರೆ ಬೆಂಚು ಆಯಿತು, ಕೆಳಗೆ ಶೂ ಗೂಡು ಆಯಿತು. ತಲೆಯ ಮಟ್ಟಕ್ಕಿಂತ ಮೇಲೆ ಇನ್ನೊಂದು ಚಪ್ಪಡಿ ಕೂರಿಸಿದರೆ ಹೆಲ್ಮೆಟ್ಟಿಗೆ ಅಟ್ಟ. ನಡುವೆ ಗೋಡೆಗೆ ಒಂದು ಉದ್ದ ಮರದ ಪಟ್ಟಿ ಹೊಡೆದು ಅದಕ್ಕೆ ಗೂಟಗಳು. ಗೆದ್ದಲು ತಿನ್ನುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಪೈಪು ಹಿಡಿದು ತೊಳೆಯಬಹುದು.

ಶಾಲೆ ಮೈದಾನ, ತಾಲ್ಲೂಕು ಕ್ರೀಡಾಂಗಣದ ರೂಮುಗಳಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ವರ್ಷಕ್ಕೊಮ್ಮೆ ರಿಪೇರಿ ಮಾಡಿಸುವವರು ಇಲ್ಲದ ಜಾಗದಲ್ಲಿ ರಿಪೇರಿಯೇ ಬೇಡದ ವಸ್ತು ಒಳ್ಳೆಯದು ಅಲ್ವಾ? ಎಚ್ಚರ ಇಷ್ಟೇ: ಚಪ್ಪಡಿಯ ಅಂಚನ್ನು ದುಂಡಗೆ ಉಜ್ಜಿಸಿ, ಇಲ್ಲವಾದರೆ ಮೊಣಕಾಲಿನ ಹಿಂಭಾಗ ಕೊಯ್ಯುತ್ತದೆ. ಮೇಲಿನ ಅಟ್ಟಕ್ಕೆ ಭಾರದ ಬ್ಯಾಗು ಎಸೆಯಬಾರದು, ಕಲ್ಲು ಬಿರಿಯುತ್ತದೆ. ಚಳಿಗಾಲದ ಬೆಳಿಗ್ಗೆ ಏಳೂವರೆಗೆ ಆ ಕಲ್ಲಿನ ಮೇಲೆ ಕೂತವರಿಗೆ ಒಂದು ಮರದ ಹಲಗೆಯ ಬೆಲೆ ಗೊತ್ತಾಗುತ್ತದೆ. ಗೂಟ ಮರದ್ದೇ ಇರಲಿ, ಕಬ್ಬಿಣದ ಮೊಳೆ ಬೇಡ. ಮೊಳೆ ಬಿಳಿ ಡ್ರೆಸ್ಸಿಗೆ ತುಕ್ಕಿನ ಬೊಟ್ಟು ಇಡುತ್ತದೆ. ಅದು ತೊಳೆದರೂ ಹೋಗುವುದಿಲ್ಲ, ಅಮ್ಮನ ಬೈಗುಳವೂ ನಿಲ್ಲುವುದಿಲ್ಲ.

ಜಾಲರಿ ಪಂಜರ

ವೆಲ್ಡ್ ಮೆಶ್ಶಿನ ಬಾಗಿಲು ಹಾಕಿದ ಗೂಡು. ಬೀಗವೂ ಇದೆ, ಗಾಳಿಯೂ ಇದೆ. ಅಕಾಡೆಮಿಗಳಿಗೆ ಇದೇ ಸರಿ. ಒಳಗೇನಿದೆ ಅಂತ ಹೊರಗಿನಿಂದಲೇ ಕಾಣುವುದರಿಂದ ಹುಡುಗರು ತಿಂಗಳಗಟ್ಟಲೆ ಕೊಳೆ ಬಟ್ಟೆ ಬಚ್ಚಿಡಲು ಆಗುವುದಿಲ್ಲ. ನೋಡಲು ಕೋಳಿ ಗೂಡಿನಂತೆ ಇರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಜಾಲರಿಯ ತುದಿಗಳನ್ನು ಪಟ್ಟಿಯೊಳಗೆ ಮುಚ್ಚಿ ವೆಲ್ಡ್ ಮಾಡಿಸಿ, ಕೈ ಗೀರುತ್ತದೆ.

ತಂಡದ ಸಾಮಾನು ಬೇರೆಯೇ ಇರಲಿ

ಆಟಗಾರರ ಬ್ಯಾಗಿನ ಬಗ್ಗೆ ಇಷ್ಟೆಲ್ಲ ಯೋಚಿಸುವವರು ಸ್ಟಂಪು, ಬೇಲ್ಸು, ಪ್ರಾಕ್ಟೀಸ್ ಚೆಂಡು, ಕೋನ್, ಔಷಧಿ ಪೆಟ್ಟಿಗೆ, ಐಸ್ ಬಾಕ್ಸ್ ಎಲ್ಲಿಡುವುದು ಅಂತ ಕೇಳುವುದೇ ಇಲ್ಲ. ಹಿಂದೆ ಒಂದು ತಗಡಿನ ಟ್ರಂಕು ಇರುತ್ತಿತ್ತು. ಇಡೀ ತಂಡಕ್ಕೆ ಮೂರು ಜೊತೆ ಪ್ಯಾಡು, ಎರಡು ಬ್ಯಾಟು, ಔಟಾಗಿ ಬಂದವನು ಬಿಚ್ಚಿ ಮುಂದಿನವನಿಗೆ ಕೊಡುತ್ತಿದ್ದ. ಟ್ರಂಕು ಈಗಲೂ ಕೆಟ್ಟದ್ದಲ್ಲ. ಆದರೆ ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದೆ.

6 ನವೆಂಬರ್ 2023ರಂದು ದೆಹಲಿಯಲ್ಲಿ ನಡೆದದ್ದು ನೆನಪಿದೆಯಾ? ವಿಶ್ವಕಪ್ಪಿನಲ್ಲಿ ಬಾಂಗ್ಲಾದೇಶದ ವಿರುದ್ಧ ಬ್ಯಾಟಿಂಗಿಗೆ ಬಂದ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಅವರ ಹೆಲ್ಮೆಟ್ಟಿನ ಪಟ್ಟಿ ಕಿತ್ತುಬಂತು. ಬೇರೆ ಹೆಲ್ಮೆಟ್ ಬರುವಷ್ಟರಲ್ಲಿ ಬಾಂಗ್ಲಾ ನಾಯಕ ಶಕೀಬ್ ಅಪೀಲು ಮಾಡಿ, ಅಂಪೈರು ಟೈಮ್ಡ್ ಔಟ್, ಅಂದರೆ ಸಮಯ ಮೀರಿದ್ದಕ್ಕೆ ಔಟ್, ಕೊಟ್ಟರು. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹಾಗೆ ಔಟಾದ ಮೊದಲಿಗ ಅವರೇ. ವಿಕೆಟ್ ಬಿದ್ದ ಮೇಲೆ ಮುಂದಿನವನು ಆಡಲು ಸಿದ್ಧನಾಗಲು ಆ ಪಂದ್ಯದಲ್ಲಿ ಇದ್ದ ಸಮಯ ಎರಡು ನಿಮಿಷ, ಮೂಲ ನಿಯಮದಲ್ಲಿ ಮೂರು. ಅದು ಸರಿಯೋ ತಪ್ಪೋ ಅಂತ ನಮ್ಮ ರೂಮಿನಲ್ಲಿ ಇನ್ನೂ ಜಗಳ ಮುಗಿದಿಲ್ಲ. ನಾನು ಮಾತ್ರ ಅವತ್ತಿನಿಂದ ಬಾಗಿಲ ಪಕ್ಕ ಒಂದು ತೆರೆದ ಶೆಲ್ಫು ಮಾಡಿಸಿ ಅಂತ ಹೇಳುತ್ತಿದ್ದೇನೆ. ಅಲ್ಲಿ ಒಂದು ಹೆಚ್ಚಿನ ಹೆಲ್ಮೆಟ್, ಬಲಗೈ ಆಟಗಾರರಿಗೊಂದು ಎಡಗೈ ಆಟಗಾರರಿಗೊಂದು ಜೊತೆ ಗ್ಲೌಸು, ಕತ್ತರಿ, ಟೇಪು, ಶೂ ಲೇಸು. ಹನ್ನೆರಡನೇ ಆಟಗಾರ ಯಾರನ್ನೂ ಕೇಳದೆ ಕೈ ಹಾಕಿ ಎತ್ತಿಕೊಂಡು ಓಡುವಂತಿರಬೇಕು. ಉಳಿದ ಸಾಮಾನಿಗೆ ಬೀಗ ಹಾಕುವ ಒಂದೇ ಒಂದು ದೊಡ್ಡ ಕಪಾಟು ಸಾಕು. ಸ್ಟೀಲಿನ ಮೇಲೆ ಮೋಹ ಇದ್ದರೆ ಇಲ್ಲಿ ತೀರಿಸಿಕೊಳ್ಳಿ.

ಮಳೆ

ಬಯಲುಸೀಮೆಯವರು ಈ ಭಾಗ ದಾಟಿ ಮುಂದೆ ಹೋಗಬಹುದು. ಮಲೆನಾಡು, ಕರಾವಳಿಯವರಿಗೆ ಮಾತ್ರ ಇದೇ ಮುಖ್ಯ. ಶಿವಮೊಗ್ಗದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿದ ರೂಮಿನಲ್ಲಿ ಲೆದರ್ ಚೆಂಡಿನ ಮೇಲೂ ಬೂಷ್ಟು ಬರುತ್ತದೆ. ಅಂಥ ಊರಿನಲ್ಲಿ ಯಾವ ಕಪಾಟು ಅನ್ನುವುದಕ್ಕಿಂತ ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಅನ್ನುವುದು ದೊಡ್ಡದು. ಗೂಡಿನ ಬೆನ್ನಿಗೆ ಹಲಗೆ ಹೊಡೆಸಲೇಬೇಡಿ. ಗೋಡೆಗೂ ಗೂಡಿಗೂ ನಡುವೆ ಎರಡಿಂಚು ಬಿಡಿ. ಎದುರು ಬದುರು ಗೋಡೆಗಳಲ್ಲಿ ಮೇಲೆ ಜಾಲಿ ಬಿಡಿಸಿ, ಒಂದರಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ. ಒಂದು ಮೂಲೆಯಲ್ಲಿ ಫ್ಯಾನಿನ ಕೆಳಗೆ ನಾಲ್ಕು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಅಡ್ಡ ಹಾಕಿ, ಅದು ಒದ್ದೆ ಪ್ಯಾಡುಗಳ ಜಾಗ. ಒದ್ದೆಯಾದದ್ದು ಸ್ವಂತ ಗೂಡಿಗೆ ಹೋಗಕೂಡದು ಅಂತ ಕಟ್ಟುನಿಟ್ಟು ಮಾಡಿ. ಶೂಗಳಿಗೆ ಬಾಗಿಲ ಹೊರಗೇ ತಂತಿಯ ತಟ್ಟೆ, ಪಕ್ಕದಲ್ಲಿ ಒಂದು ಬ್ರಷ್ಷು.

ನೆಲದ ಬಗ್ಗೆ ಇಷ್ಟು ಸಾಕು: ನುಣುಪಾದ ಟೈಲ್ಸಿನ ಮೇಲೆ ಸ್ಪೈಕ್ ಹಾಕಿ ನಡೆದರೆ ಜಾರುತ್ತದೆ. ಒರಟು ಶಹಾಬಾದ್ ಕಲ್ಲು ಅಥವಾ ರಬ್ಬರ್ ಮ್ಯಾಟು.

ಹುಡುಗಿಯರ ತಂಡವೂ ಅದೇ ರೂಮು ಬಳಸುವುದಾದರೆ ತೆರೆದ ಗೂಡುಗಳ ಜೊತೆ ಬಟ್ಟೆ ಬದಲಿಸಲು ಎರಡು ಮರೆಯ ಕೋಣೆ, ಒಳಗಿನಿಂದ ಚಿಲಕ ಇರುವುದು, ಕಡ್ಡಾಯ. ಪರದೆ ಸಾಲದು. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ನಾಲ್ಕಡಿ ಎತ್ತರದಲ್ಲಿ ಇನ್ನೊಂದು ಸಾಲು ಗೂಟ ಹೊಡೆಸಿ.

ಕೊಟೇಶನ್ ತಗೊಳ್ಳುವಾಗ

ಕಾರ್ಪೆಂಟರು ಚದರಡಿ ಲೆಕ್ಕ ಹೇಳುತ್ತಾರೆ, ವೆಲ್ಡಿಂಗ್ ಶಾಪಿನವರು ಕೆಜಿ ಲೆಕ್ಕ, ಕಲ್ಲಿನವರು ಚಪ್ಪಡಿ ಬೇರೆ ಕೂಲಿ ಬೇರೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ತಲೆ ಕೆಡುತ್ತದೆ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿ: ಒಬ್ಬ ಆಟಗಾರನ ಗೂಡು ಪೂರ್ತಿ ಮುಗಿಸಿ, ಕೊಕ್ಕೆ ಸಮೇತ, ಎಷ್ಟಾಗುತ್ತದೆ? ಆಮೇಲೆ ಮೊದಲು ಒಂದೇ ಒಂದನ್ನು ಮಾಡಿಸಿ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಇದೆ. ಗೋಡೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೂಡಿನ ಅಳತೆ ಗೀಚಿ. ಬೆಂಚಿನ ಜಾಗದಲ್ಲಿ ಒಂದು ಸ್ಟೂಲು, ಪಕ್ಕದಲ್ಲಿ ತಂಡದ ಅತಿ ದೊಡ್ಡ ಬ್ಯಾಗು. ಅಟ್ಟ ಬರುವ ಎತ್ತರದಲ್ಲಿ ಇಬ್ಬರು ಒಂದು ಹಲಗೆ ಹಿಡಿದು ನಿಲ್ಲಲಿ. ತಂಡದಲ್ಲಿ ಎಲ್ಲರಿಗಿಂತ ಉದ್ದ ಇರುವ ಫಾಸ್ಟ್ ಬೌಲರನ್ನು ಕೂರಿಸಿ, ಎರಡೂ ಕಾಲಿಗೆ ಪ್ಯಾಡು ಕಟ್ಟಿಸಿ, "ವಿಕೆಟ್ ಬಿತ್ತು, ಏಳೋ!" ಅಂತ ಕೂಗಿ. ನಮ್ಮಲ್ಲಿ ಮೊದಲ ಸಲ ಅವನ ತಲೆ ಬಡಿದು ಹಲಗೆ ಹಿಡಿದಿದ್ದವರ ಕೈಯಿಂದಲೇ ಹಾರಿಹೋಯಿತು. ಅಟ್ಟವನ್ನು ಐದಿಂಚು ಮೇಲೆ ಬರೆದುಕೊಂಡೆವು.